ತುಮಕೂರಿನ ಬೆಟ್ಟ, ಗುಲ್ಮಾರ್ಗದ ಇಳಿಜಾರು

ತುಮಕೂರು ಸೀಮೆಯಿಂದ ಸ್ಕೀಯಿಂಗ್ ಕಲಿಯಲು ಹೊರಡುವವರು ಹೆಚ್ಚಿಲ್ಲ. ಜನವರಿ, ಫೆಬ್ರವರಿಯಲ್ಲಿ ಮನಾಲಿ ಬಳಿಯ ಸೋಲಾಂಗ್, ಉತ್ತರಾಖಂಡದ ಔಲಿ, ಕಾಶ್ಮೀರದ ಗುಲ್ಮಾರ್ಗಗಳಲ್ಲಿ ನಡೆಯುವ ಶಿಬಿರಗಳಿಗೆ ಹೋಗುವ ಕಾಲೇಜು ಹುಡುಗ ಹುಡುಗಿಯರು, ಚಾರಣದಿಂದ ಹಿಮದ ಕಡೆಗೆ ಒಲವು ಬೆಳೆಸಿಕೊಂಡವರು, ಸಂಬಳದಲ್ಲಿ ಉಳಿಸಿ ವರ್ಷಕ್ಕೊಮ್ಮೆ ಉತ್ತರಕ್ಕೆ ಹೋಗಿಬರುವ ನೌಕರರು, ಹೆಚ್ಚುಕಡಿಮೆ ಇಷ್ಟೇ ಜನ. ಇವರಲ್ಲೂ ಇವರಿಗೆ ಸಲಹೆ ಕೊಡುವವರಲ್ಲೂ ಒಂದು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ: ಸ್ಕೀಯಿಂಗ್ ಹಿಮದ ಮೇಲಿನ ಆಟ, ಹಿಮವಿಲ್ಲದ ಊರಿನಲ್ಲಿ ಅದಕ್ಕೆ ತಯಾರಿ ಎಂಬುದೇ ಇಲ್ಲ, ಮೈ ಒಟ್ಟಾರೆ ಗಟ್ಟಿಮುಟ್ಟಾಗಿದ್ದರೆ ಸಾಕು, ಉಳಿದದ್ದನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳಬಹುದು. ಈ ಲೆಕ್ಕದಲ್ಲಿ ಮಾರ್ಚ್‌ನಿಂದ ಡಿಸೆಂಬರ್‌ವರೆಗಿನ ತಿಂಗಳುಗಳು ಖಾಲಿ ತಿಂಗಳುಗಳು. ಈ ತಿಳಿವಳಿಕೆ ತಪ್ಪು ಎಂಬುದು ನನ್ನ ವಾದ. ಪೂರ್ತಿ ತಪ್ಪಾಗಿದ್ದರೆ ಅದನ್ನು ತಳ್ಳಿಹಾಕಿ ಮುಂದೆ ಹೋಗಬಹುದಿತ್ತು. ಸರಿಯಾದ ಒಂದು ಮಾತಿಗೆ ತಪ್ಪಾದ ತೀರ್ಮಾನಗಳು ಅಂಟಿಕೊಂಡಿರುವುದರಿಂದ ಅದನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲು ಅದರ ಪರವಾಗಿ ಹೇಳಬಹುದಾದದ್ದನ್ನು ಹೇಳೋಣ. ಸ್ಕೀಯ ಅಂಚನ್ನು ಎಷ್ಟು ಒತ್ತಿದರೆ ಅದು ಹಿಮವನ್ನು ಕಚ್ಚುತ್ತದೆ, ಎಷ್ಟು ಸಡಿಲಿಸಿದರೆ ಜಾರುತ್ತದೆ ಎಂಬುದು ಪಾದಕ್ಕೆ ತಿಳಿಯಬೇಕಾದ ವಿಷಯ. ಗುಬ್ಬಿಯ ಡಾಂಬರು ರಸ್ತೆಯಲ್ಲಿ ಅದು ತಿಳಿಯುವುದಿಲ್ಲ. ಇಳಿಜಾರು ಕಂಡ ಕೂಡಲೇ ಮೈ ಹಿಂದಕ್ಕೆ ವಾಲುತ್ತದೆ. ಆ ಅಳುಕನ್ನು ಮೀರಿ ಮುಂದಕ್ಕೆ ಬಾಗುವುದನ್ನು ಇಳಿಜಾರಿನ ಮೇಲೆಯೇ ಕಲಿಯಬೇಕು. ಇದಕ್ಕೆ ಒಲಿಂಪಿಕ್ಸ್ ಮಟ್ಟದ ನಿದರ್ಶನವೂ ಇದೆ. ಟಾಂಗಾ ದ್ವೀಪದೇಶದ ಪೀಟಾ ಟೌಫಟೊಫುವಾ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಟೇಕ್ವಾಂಡೊ ಸ್ಪರ್ಧಿಯಾಗಿದ್ದವರು. ಗಾಲಿ ಸ್ಕೀಗಳ ಮೇಲೆ ರಸ್ತೆಯಲ್ಲಿ ಅಭ್ಯಾಸ ಮಾಡಿ, ಹಿಮದ ಮೇಲೆ ಕೆಲವೇ ವಾರ ಕಳೆದು, 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನ 15 ಕಿಲೋಮೀಟರ್ ಕ್ರಾಸ್ ಕಂಟ್ರಿ ಸ್ಕೀ ಸ್ಪರ್ಧೆಗೆ ಇಳಿದರು. ಓಟ ಪೂರೈಸಿದವರ ಪಟ್ಟಿಯಲ್ಲಿ ಕೊನೆಯ ಕೆಲವರಲ್ಲಿ ಒಬ್ಬರಾಗಿ ಉಳಿದರು. ಹುರಿಗಟ್ಟಿದ ಮೈ ಇದ್ದೂ ಹಿಮದ ಕೌಶಲ ಸಾಲದೆ ಹೋಯಿತು. ಇನ್ನು, ನಮ್ಮ ಕಡೆಯ ಜನ ಕೂತು ಉಣ್ಣುವವರೇನಲ್ಲ. ತೆಂಗಿನ ತೋಟದಲ್ಲಿ, ರಾಗಿ ಹೊಲದಲ್ಲಿ ದುಡಿದು ಬೆಳೆದ ಮೈಗೆ ಬೇರೆ ತಾಲೀಮು ಯಾಕೆ ಎಂದು ಹಿರಿಯರು ಕೇಳಿದರೆ ಆ ಪ್ರಶ್ನೆಯಲ್ಲಿ ಅನುಭವವಿದೆ. ಋತು ಮುಗಿದ ಮೇಲೆ ಮೈಗೆ ಬಿಡುವು ಬೇಕು ಎಂಬ ಮಾತನ್ನೂ ಯಾವ ತರಬೇತುದಾರರೂ ಅಲ್ಲಗಳೆಯುವುದಿಲ್ಲ.

ಗೊಂದಲ ಶುರುವಾಗುವುದು 'ಫಿಟ್' ಎಂಬ ಒಂದೇ ಚೀಟಿಯನ್ನು ಬೇರೆಬೇರೆ ಗುಣಗಳ ಮೇಲೆ ಅಂಟಿಸಿದಾಗ. ಸ್ಕೀಯರ್‌ಗೆ ಬೇಕಾದದ್ದು ಕನಿಷ್ಠ ಮೂರು ಗುಣ. ಇವು ಬರುವ ದಾರಿ ಬೇರೆ, ಬಿಟ್ಟಾಗ ಕರಗುವ ವೇಗವೂ ಬೇರೆ.

1. ದಮ್ಮು, ಅಂದರೆ ಹೃದಯ, ರಕ್ತ ಮತ್ತು ಸ್ನಾಯುಗಳು ಸೇರಿ ಆಮ್ಲಜನಕವನ್ನು ಬಳಸುವ ಶಕ್ತಿ. ಮೂರರಲ್ಲಿ ಬೇಗ ಕೈಬಿಡುವುದು ಇದೇ. ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಓಟಗಾರರು ಮತ್ತು ಸೈಕಲ್ ಸವಾರರು ತಾಲೀಮು ನಿಲ್ಲಿಸಿದಾಗ ಅವರ ಗರಿಷ್ಠ ಆಮ್ಲಜನಕ ಬಳಕೆ ಮೂರು ವಾರದೊಳಗೆ ಸುಮಾರು ಶೇಕಡ 7ರಷ್ಟು, ಎಂಟು ವಾರದ ಹೊತ್ತಿಗೆ ಸುಮಾರು ಶೇಕಡ 16ರಷ್ಟು ಇಳಿದಿತ್ತು. ಮೊದಲ ಇಳಿತಕ್ಕೆ ಮುಖ್ಯ ಕಾರಣ ರಕ್ತದ ದ್ರವಭಾಗ ಕಡಿಮೆಯಾಗಿ ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ತಗ್ಗುವುದು.

2. ಕಸುವು. ಇದು ಮೂರು ನಾಲ್ಕು ವಾರ ಹೆಚ್ಚು ಕುಂದದೆ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಉಳಿಸಿಕೊಳ್ಳಲು ಬೇಕಾದ ಶ್ರಮವೂ ಗಳಿಸಲು ಬೇಕಾದದ್ದಕ್ಕಿಂತ ಎಷ್ಟೋ ಕಡಿಮೆ.

3. ಕೌಶಲ. ಸೈಕಲ್ ತುಳಿಯುವುದನ್ನು ಕಲಿತವರು ವರ್ಷಗಳ ನಂತರವೂ ತುಳಿಯಬಲ್ಲರು. ದೇಹದ ಸಮತೋಲ ಮತ್ತು ಎಡೆಬಿಡದ ಚಲನೆಯ ಕೌಶಲಗಳೆಲ್ಲ ಹೀಗೆಯೇ, ಸ್ಕೀಯಿಂಗ್ ಕೂಡ. ಮೊದಲ ದಿನ ತಡವರಿಕೆ ಇರುತ್ತದೆ, ಎರಡನೆಯ ಮೂರನೆಯ ದಿನಕ್ಕೆ ಹಿಂದಿನ ವರ್ಷದ ಹಿಡಿತ ಬಹುಮಟ್ಟಿಗೆ ಮರಳುತ್ತದೆ.

ಈ ಮೂರನ್ನು ಪಕ್ಕಪಕ್ಕ ಇಟ್ಟರೆ ಚಾಲ್ತಿಯಲ್ಲಿರುವ ತೀರ್ಮಾನ ತಲೆಕೆಳಗಾಗುತ್ತದೆ. ಹಿಮದ ಮೇಲೆ ಮಾತ್ರ ಸಿಗುವ ಕೌಶಲ ಹತ್ತು ತಿಂಗಳು ಹಿಮ ಕಾಣದಿದ್ದರೂ ಹೆಚ್ಚುಕಡಿಮೆ ಉಳಿದಿರುತ್ತದೆ. ಹಿಮವಿಲ್ಲದೆಯೂ ಕಾಪಾಡಿಕೊಳ್ಳಬಹುದಾದ ದಮ್ಮು ಮತ್ತು ಕಸುವು, ನಾವು ಬಿಟ್ಟರೆ, ಆ ಹತ್ತು ತಿಂಗಳಲ್ಲಿ ಖಂಡಿತ ಇಳಿಯುತ್ತವೆ. ಅಂದರೆ ತುಮಕೂರಿನವರು ಯಾವುದನ್ನು ನೆನೆದು ಕೈಚೆಲ್ಲುತ್ತಾರೋ ಅದರ ಬಗ್ಗೆ ಅಷ್ಟು ಚಿಂತೆ ಬೇಕಿಲ್ಲ. ಯಾವುದನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ ಎನ್ನುತ್ತಾರೋ ಅದನ್ನು ಇಲ್ಲಿಯೇ ನೋಡಿಕೊಳ್ಳಬೇಕು. ರಾಗಿ ಕೊಯ್ಲಾದ ಮೇಲೆ ಹೊಲ ಖಾಲಿ ಬಿದ್ದಿದೆ ಎಂದು ರೈತ ಸುಮ್ಮನಿರುವುದಿಲ್ಲ, ಮಾಗಿ ಉಳುಮೆ ಮಾಡಿಡುತ್ತಾನೆ. ಬೆಳೆ ಇಲ್ಲದ ತಿಂಗಳ ಆ ಕೆಲಸದಿಂದಲೇ ಮುಂದಿನ ಮಳೆ ನೆಲದೊಳಗೆ ಇಳಿಯುತ್ತದೆ. ಸ್ಕೀಯಿಂಗ್‌ನ ಋತು ಮುಗಿದ ತಿಂಗಳುಗಳಿಗೂ ಇಂಥದೇ ಕೆಲಸವಿದೆ.

ಹಿಮ ಸಮೃದ್ಧವಾಗಿರುವ ದೇಶಗಳವರು ವರ್ಷವಿಡೀ ಹಿಮದ ಮೇಲೇ ಇರುತ್ತಾರೆ, ಅವರ ಜೊತೆ ನಮಗೆ ಹೋಲಿಕೆ ಏಕೆ ಎಂದು ಯಾರಾದರೂ ಕೇಳಬಹುದು. ವಾಸ್ತವ ಹಾಗಿಲ್ಲ. ನಾರ್ವೆಯ ಉನ್ನತ ಮಟ್ಟದ ಕ್ರಾಸ್ ಕಂಟ್ರಿ ಸ್ಕೀಯರ್‌ಗಳು ವರ್ಷಕ್ಕೆ ಸುಮಾರು 700ರಿಂದ 900 ಗಂಟೆ ತಾಲೀಮು ಮಾಡುತ್ತಾರೆ. ಅದರ ದೊಡ್ಡ ಪಾಲು ನಡೆಯುವುದು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ, ಅಲ್ಲಿಯೂ ತಪ್ಪಲಿನಲ್ಲಿ ಹಿಮವಿಲ್ಲದಿರುವಾಗ: ರಸ್ತೆಯ ಮೇಲೆ ಗಾಲಿ ಸ್ಕೀ, ಕಾಡುದಾರಿಯಲ್ಲಿ ಓಟ, ಕೈಯಲ್ಲಿ ಕೋಲು ಹಿಡಿದು ಗುಡ್ಡದ ಏರಿನಲ್ಲಿ ಕುಪ್ಪಳಿಸುವ ಅಭ್ಯಾಸ. ನವೆಂಬರಿನಲ್ಲಿ ಹಿಮಕ್ಕೆ ಕಾಲಿಡುವ ಹೊತ್ತಿಗೆ ವರ್ಷದ ಶ್ರಮದ ಬಹುಭಾಗ ಮುಗಿದಿರುತ್ತದೆ. ನಮ್ಮ ರಾಜ್ಯದಲ್ಲೇ ನೋಡಿದರೆ, ಹಿಮ ಬೀಳದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಪದಕಗಳನ್ನು ಗೆದ್ದು, 2025ರ ಫೆಬ್ರವರಿಯಲ್ಲಿ ಚೀನಾದ ಹಾರ್ಬಿನ್‌ನಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಭಾರತದ ಕ್ರಾಸ್ ಕಂಟ್ರಿ ತಂಡದಲ್ಲಿದ್ದರು. ಹುಟ್ಟೂರಿನಲ್ಲಿ ಹಿಮವಿರಬೇಕೆಂಬ ನಿಯಮ ಈ ಆಟಕ್ಕಿಲ್ಲ. ಟಾಂಗಾದವರ ಉದಾಹರಣೆಯನ್ನೂ ಈಗ ಇನ್ನೊಮ್ಮೆ ನೋಡಬೇಕು: ಅವರು ಹಿಂದುಳಿದದ್ದು ರಸ್ತೆಯಲ್ಲಿ ಅಭ್ಯಾಸ ಮಾಡಿದ್ದರಿಂದಲ್ಲ, ಹಿಮದ ಮೇಲಿನ ವರ್ಷಗಳು ಇಲ್ಲದ್ದರಿಂದ. ಅಷ್ಟು ಕಡಿಮೆ ಹಿಮ ಕಂಡವರು 15 ಕಿಲೋಮೀಟರ್ ಪೂರೈಸಿದರು ಎಂದರೆ ಅದನ್ನು ಪೂರೈಸಿಕೊಟ್ಟದ್ದು ರಸ್ತೆಯಲ್ಲಿ ಗಳಿಸಿದ ಮೈಯೇ.

ಇನ್ನು ದುಡಿಯುವ ಮೈಗೆ ತಾಲೀಮು ಬೇಡ ಎಂಬ ಮಾತು. ಇದರೊಂದಿಗೆ ಜಿಮ್‌ಗೆ ಹೋಗುವವರ ಆತ್ಮವಿಶ್ವಾಸವನ್ನೂ, ಅಮಾನಿಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆ ತಪ್ಪಿಸದವರ ನೆಮ್ಮದಿಯನ್ನೂ ಸೇರಿಸಬಹುದು, ಏಕೆಂದರೆ ಮೂವರದ್ದೂ ಒಂದೇ ವಾದ: ಒಂದು ಕೆಲಸದಿಂದ ಬಂದ ಶಕ್ತಿ ಎಲ್ಲ ಕೆಲಸಕ್ಕೂ ಒದಗುತ್ತದೆ. ದೇಹ ಹಾಗೆ ನಡೆದುಕೊಳ್ಳುವುದಿಲ್ಲ. ಅದು ಯಾವ ಹೊರೆಯನ್ನು ಹೊತ್ತಿದೆಯೋ ಆ ಹೊರೆಗೆ ತಕ್ಕಂತೆ ಬದಲಾಗುತ್ತದೆ. ದಿನವಿಡೀ ತೋಟದಲ್ಲಿ ದುಡಿಯುವವರಿಗೆ ತಾಳಿಕೆ ಇದೆ, ಬೆನ್ನು ಮತ್ತು ಕೈಗಳಲ್ಲಿ ಬಲವಿದೆ. ಆದರೆ ಸಂಜೆಯವರೆಗೆ ಕೆಲಸ ನಡೆಯಬೇಕಾದ್ದರಿಂದ ಅವರು ಜಾಣತನದಿಂದ ಏದುಸಿರು ಬರದ ಹದದಲ್ಲೇ ದುಡಿಯುತ್ತಾರೆ. ಸ್ಕೀಯಿಂಗ್ ಕೇಳುವುದು ಒಂದೆರಡು ನಿಮಿಷ ತೊಡೆ ಉರಿಯುವಷ್ಟು ಒತ್ತಡ, ನಡುವೆ ಬಿಡುವು, ಮತ್ತೆ ಒತ್ತಡ, ಹೀಗೆ ದಿನಕ್ಕೆ ಹತ್ತಾರು ಸಲ. ಇಷ್ಟೇ ಆಗಿದ್ದರೆ ಏರು ಹತ್ತಿ ಸರಿಪಡಿಸಬಹುದಿತ್ತು. ಮುಖ್ಯ ವ್ಯತ್ಯಾಸ ಬೇರೆಡೆ ಇದೆ.

ಇಳಿಜಾರಿನ ಸ್ಕೀಯಿಂಗ್‌ನಲ್ಲಿ ಸ್ಕೀಯರ್ ತನ್ನನ್ನು ಮೇಲಕ್ಕೆ ತಳ್ಳಿಕೊಳ್ಳುವುದು ಕಡಿಮೆ, ಬೀಳುತ್ತಿರುವ ತನ್ನನ್ನು ತಡೆದುಕೊಳ್ಳುವುದೇ ಹೆಚ್ಚು. ಮಂಡಿ ಬಾಗುತ್ತಾ ಹೋಗುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರವನ್ನು ಹಿಡಿದಿರಬೇಕು. 1995ರಲ್ಲಿ ಸ್ವೀಡನ್ನಿನ ಸಂಶೋಧಕರು ಜೈಂಟ್ ಸ್ಲಾಲಂ ಎಂಬ ಇಳಿಜಾರಿನ ಸ್ಕೀ ಸ್ಪರ್ಧೆಯ ಸ್ಪರ್ಧಿಗಳ ಮೇಲೆ ನಡೆಸಿದ ಅಳತೆಯಲ್ಲಿ, ಸ್ನಾಯು ಗಿಡ್ಡವಾಗುತ್ತಾ ಮಾಡುವ ಕೆಲಸಕ್ಕಿಂತ ಹೀಗೆ ಉದ್ದವಾಗುತ್ತಾ ಮಾಡುವ ಕೆಲಸವೇ ಮೇಲುಗೈ ಎಂದು ಕಂಡಿತು. ಈಗ ನಮ್ಮವರ ಅಭ್ಯಾಸವನ್ನು ನೋಡಿ. ಹೊರೆ ಎತ್ತುವುದು, ಬೆಟ್ಟ ಹತ್ತುವುದು, ಸೈಕಲ್ ತುಳಿಯುವುದು, ಎಲ್ಲವೂ ಎತ್ತುವ ಕೆಲಸ. ಸೈಕಲ್‌ನಲ್ಲಂತೂ ತಡೆಯುವ ಕೆಲಸ ಇಲ್ಲವೇ ಇಲ್ಲ. ಜಿಮ್‌ನಲ್ಲಿ ಭಾರ ಹೊತ್ತು ಏಳುವಾಗ ಇರುವ ಶ್ರದ್ಧೆ ಕೂರುವಾಗ ಇರುವುದಿಲ್ಲ, ದೊಪ್ಪನೆ ಕೂತುಬಿಡುತ್ತಾರೆ. ಸ್ಕೀಯರ್‌ಗಳಿಗೆಂದೇ ಎಲ್ಲರೂ ಹೇಳಿಕೊಡುವ ಅಭ್ಯಾಸ, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರುವುದು, ನನ್ನ ದೃಷ್ಟಿಯಲ್ಲಿ ಅದಕ್ಕಿರುವ ಹೆಸರಿಗೆ ತಕ್ಕದ್ದಲ್ಲ: ಅದರಲ್ಲಿ ಸ್ನಾಯು ಉದ್ದವೂ ಆಗುವುದಿಲ್ಲ, ಗಿಡ್ಡವೂ ಆಗುವುದಿಲ್ಲ, ಮತ್ತು ಹಾಗೆ ಬರುವ ಬಲ ಬಹುಪಾಲು ಆ ಒಂದು ಕೋನದ ಆಸುಪಾಸಿಗೇ ಸೀಮಿತ.

ಆದ್ದರಿಂದ ದೇವರಾಯನದುರ್ಗದ ಮೆಟ್ಟಿಲುಗಳನ್ನು ಹತ್ತಿ ಬೈಕಿನಲ್ಲಿ ಇಳಿದು ಬರುವವರು ಸ್ಕೀಯಿಂಗ್‌ಗೆ ಬೇಕಾದ ಅರ್ಧವನ್ನು ಬೆಟ್ಟದ ಮೇಲೇ ಬಿಟ್ಟು ಬರುತ್ತಾರೆ. ಹತ್ತುವಾಗ ದಮ್ಮು ಬೆಳೆಯುತ್ತದೆ ನಿಜ. ಇಳಿಯುವಾಗ ಆಮ್ಲಜನಕ ಬೇಕಾಗುವುದು ಹತ್ತುವಾಗಿನದಕ್ಕಿಂತ ತೀರಾ ಕಡಿಮೆ, ಉಸಿರು ಏರುವುದಿಲ್ಲ, ಹಾಗಾಗಿ ಕೆಲಸವೇ ನಡೆಯುತ್ತಿಲ್ಲ ಎಂದು ಮನಸ್ಸಿಗೆ ಅನ್ನಿಸುತ್ತದೆ. ಎರಡನೆಯ ದಿನ ತೊಡೆ ಹಿಡಿದುಕೊಂಡು ಮೆಟ್ಟಿಲಿಳಿಯಲಾಗದೆ ಒದ್ದಾಡಿದಾಗ ಕೆಲಸ ನಡೆದಿತ್ತೆಂದು ಗೊತ್ತಾಗುತ್ತದೆ. ಶಿಬಿರಕ್ಕೆ ಹೋದವರಲ್ಲಿ ಎಷ್ಟೋ ಮಂದಿ ಎರಡನೆಯ, ಮೂರನೆಯ ದಿನ ಕೈಲಾಗದೆ ಕೂರುವುದೂ ಇದೇ ನೋವಿನಿಂದ. ಇದರಲ್ಲಿ ದೇಹದ ಒಂದು ಉಪಕಾರವಿದೆ: ಸ್ನಾಯು ಒಮ್ಮೆ ಇಂಥ ಕೆಲಸದಿಂದ ನೊಂದು ಚೇತರಿಸಿಕೊಂಡರೆ, ಅದೇ ಕೆಲಸ ಮತ್ತೆ ಬಂದಾಗ ನೋವು ಬಹಳ ಕಡಿಮೆ, ಮತ್ತು ಆ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಬೆಟ್ಟ ಇಳಿದವರಿಗೆ ಜನವರಿಯ ಶಿಬಿರದ ದಿನಗಳು ನೋವಿಗೆ ವ್ಯರ್ಥವಾಗುವುದಿಲ್ಲ. ಗುಬ್ಬಿ ಪಟ್ಟಣದವರಿಗೆ ಬೆಟ್ಟ ದೂರವಾದರೆ ಮೂರು ಮಹಡಿಯ ಕಟ್ಟಡದ ಮೆಟ್ಟಿಲು ಸಾಕು. ಕುಣಿಗಲ್‌ನವರಿಗೆ ಕೆರೆಯ ಏರಿಯ ಇಳುಕಲು ಇದೆ, ಹುಲಿಯೂರುದುರ್ಗದ ಬೆಟ್ಟವಿದೆ. ಇವೆಲ್ಲ ಇಲ್ಲದೆಯೂ ನಮ್ಮ ಗರಡಿ ಮನೆಗಳ ಬಸ್ಕಿ ಇದ್ದೇ ಇದೆ: ನೂರಾರು ಹೊಡೆಯುವ ಹಳೆಯ ಚುರುಕನ್ನು ಬಿಟ್ಟು, ನಾಲ್ಕೈದು ಎಣಿಸುವಷ್ಟು ನಿಧಾನವಾಗಿ ಕೂತು ಸರಕ್ಕನೆ ಎದ್ದರೆ ಅದು ಸ್ಕೀಯರ್‌ನ ಅಭ್ಯಾಸವಾಗುತ್ತದೆ. ಇದಕ್ಕೆ ದುಡ್ಡು ಬೇಡ, ಸಲಕರಣೆ ಬೇಡ. ಗಾಲಿ ಸ್ಕೀಯನ್ನು ನಾನು ಇಲ್ಲಿ ಶಿಫಾರಸು ಮಾಡುವುದಿಲ್ಲ. ವಾಹನಗಳಿಲ್ಲದ ನುಣುಪು ರಸ್ತೆ ಸಿಗದ ಕಡೆ ಅದು ಅಪಾಯ.

ಹತ್ತು ತಿಂಗಳು ಎಂದ ಕೂಡಲೇ ಅದೆಷ್ಟು ಶ್ರಮವೋ ಎಂದು ಹೆದರುವುದು ಇನ್ನೊಂದು ತಪ್ಪು. ಷಿಕಾಗೋದಲ್ಲಿ ರಾಬರ್ಟ್ ಹಿಕ್ಸನ್ ಮತ್ತು ಸಂಗಡಿಗರು 1980ರ ದಶಕದ ಮೊದಲರ್ಧದಲ್ಲಿ ಸಾಲಾಗಿ ಮಾಡಿದ ಪ್ರಯೋಗಗಳು ಇಲ್ಲಿ ಬಹಳ ಬೆಲೆಯುಳ್ಳವು. ಹತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಕಠಿಣ ತಾಲೀಮು ಕೊಟ್ಟು, ಆಮೇಲೆ ಹದಿನೈದು ವಾರ ಅದನ್ನು ಬೇರೆಬೇರೆ ಬಗೆಯಲ್ಲಿ ಇಳಿಸಿ ನೋಡಿದರು. ದಿನಗಳನ್ನು ಆರರಿಂದ ಎರಡಕ್ಕೆ ಇಳಿಸಿದಾಗಲೂ, ಇನ್ನೊಂದು ಪ್ರಯೋಗದಲ್ಲಿ 40 ನಿಮಿಷವನ್ನು 13ಕ್ಕೆ ಇಳಿಸಿದಾಗಲೂ ಗರಿಷ್ಠ ಆಮ್ಲಜನಕ ಬಳಕೆ ಹೆಚ್ಚುಕಡಿಮೆ ಹಾಗೇ ನಿಂತಿತು. ದಿನವೂ ಅವಧಿಯೂ ಅಷ್ಟೇ ಇದ್ದು ತೀವ್ರತೆಯನ್ನು ಮೂರನೇ ಒಂದು ಪಾಲು ತಗ್ಗಿಸಿದಾಗ ಮಾತ್ರ ಅದು ಇಳಿಯಿತು. ಬಿಡುವಿನ ತಿಂಗಳಲ್ಲಿ ನಮ್ಮವರು ಮಾಡುವುದು ಇದರ ಉಲ್ಟಾ: ದಿನಾ ನಡೆಯುತ್ತಾರೆ, ಗಂಟೆಗಟ್ಟಲೆ ನಡೆಯುತ್ತಾರೆ, ಮಾತಾಡುತ್ತಾ ನಡೆಯುತ್ತಾರೆ. ಆರೋಗ್ಯಕ್ಕೆ ಅದು ಒಳ್ಳೆಯದೇ, ನಿಲ್ಲಿಸಬೇಕಾಗಿಲ್ಲ. ಆದರೆ ಸ್ಕೀಯಿಂಗ್‌ನ ದಮ್ಮು ಉಳಿಯಬೇಕಾದರೆ ವಾರದಲ್ಲಿ ಎರಡು ದಿನವಾದರೂ ಮಾತು ಹೊರಡದಷ್ಟು ಉಸಿರು ಏರಬೇಕು, ಆ ದಿನ ಒಟ್ಟು ಹದಿನೈದು ಇಪ್ಪತ್ತು ನಿಮಿಷವಾದರೂ ಸಾಕು. ಕಸುವಿನ ಮಟ್ಟಿಗೆ ಇನ್ನೂ ಸುಲಭ, ವಾರಕ್ಕೊಂದು ಗಟ್ಟಿ ತಾಲೀಮು ಎಳೆಯರಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ಅರವತ್ತು ದಾಟಿದವರಿಗೆ ಇಷ್ಟು ಸಾಲದು; ಅವರಿಗೆ ಸ್ನಾಯು ಉಳಿಸಿಕೊಳ್ಳಲು ಹೆಚ್ಚು ಸಲ ಮಾಡಬೇಕಾಗುತ್ತದೆ. ಋತು ಮುಗಿದ ಮೇಲಿನ ವಿಶ್ರಾಂತಿಯ ಪ್ರಶ್ನೆಗೂ ಉತ್ತರ ಇಲ್ಲೇ ಸಿಕ್ಕಿತು. ಎರಡು ಮೂರು ವಾರ ಹಗುರವಾಗಿರಲಿ, ಆಮೇಲೆ ಕಡಿಮೆ ಪ್ರಮಾಣದಲ್ಲಾದರೂ ತಾಲೀಮು ನಡೆಯಲಿ. ಪೂರ್ತಿ ನಿಲ್ಲಿಸಿ, ಹೊರಡುವ ತಿಂಗಳ ಮೊದಲು ಎಲ್ಲವನ್ನೂ ಒಟ್ಟಿಗೆ ಮೈಮೇಲೆ ಹಾಕಿಕೊಂಡು ಮಂಡಿ ನೋಯಿಸಿಕೊಂಡು ರೈಲು ಹತ್ತುವುದು ಬೇಡ.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಎತ್ತರದ್ದು, ಅದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ದೇವರಾಯನದುರ್ಗದ ತುದಿ ಸುಮಾರು 1,200. ಗುಲ್ಮಾರ್ಗ ಸುಮಾರು 2,650 ಮೀಟರ್; ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲಿಗೂ ತುಸು ಕಡಿಮೆ. ಅಫರ್ವತ್ ಶಿಖರದ ಕಡೆಗೆ ಒಯ್ಯುವ ಗೊಂಡೋಲಾದ ಮೇಲಿನ ನಿಲ್ದಾಣ 3,900 ಮೀಟರಿಗೂ ಮೇಲಿದೆ. ಈ ಎತ್ತರಕ್ಕೆ ನಮ್ಮ ಯಾವ ಬೆಟ್ಟವೂ ಮೈಯನ್ನು ಒಗ್ಗಿಸಲಾರದು. ಚೆನ್ನಾಗಿ ತಾಲೀಮು ಮಾಡಿದವರಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆಯಂತೂ ಅಪಾಯಕಾರಿ. ದಮ್ಮು ಇದ್ದವರು ಅವಸರದಿಂದ ಮೇಲೇರಿ ತಲೆನೋವು, ವಾಂತಿಗೆ ಸಿಕ್ಕಿಬೀಳುವುದುಂಟು. ಅದನ್ನು ತಡೆಯುವ ದಾರಿ ನಿಧಾನವಾಗಿ ಏರುವುದು, ಒಂದೆರಡು ದಿನ ಮೊದಲೇ ತಲುಪುವುದು. ಇಷ್ಟಾದರೂ ವಾದ ಕೆಡುವುದಿಲ್ಲ: ಎತ್ತರ ಎಲ್ಲರ ದಮ್ಮಿನಲ್ಲೂ ಒಂದು ಪಾಲನ್ನು ಕಿತ್ತುಕೊಳ್ಳುವುದರಿಂದ, ಹೆಚ್ಚು ಇಟ್ಟುಕೊಂಡು ಹೋದವರ ಬಳಿ ಹೆಚ್ಚು ಉಳಿದಿರುತ್ತದೆ.

ಇಳಿಯುವುದರಿಂದ ಮಂಡಿ ಸವೆಯುತ್ತದೆ ಎಂಬ ಭಯದಲ್ಲಿ ಅರ್ಧ ಸತ್ಯವಿದೆ. ಈಗಾಗಲೇ ಮಂಡಿಚಿಪ್ಪಿನ ಸುತ್ತ ನೋವಿರುವವರಿಗೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಅವರು ವೈದ್ಯರನ್ನು ಕೇಳದೆ ಶುರು ಮಾಡಬಾರದು, ಮತ್ತು ನನ್ನ ಅಭಿಪ್ರಾಯದಲ್ಲಿ ಆ ಮಂಡಿಯನ್ನು ಹಾಗೇ ಹಿಮದ ಇಳಿಜಾರಿಗೂ ಒಯ್ಯಬಾರದು. ಸ್ಕೀಯಿಂಗ್‌ನ ಗಾಯಗಳಲ್ಲಿ ಮಂಡಿಯ ಗಾಯವೇ ಮುಂದಿದೆ. ಬಲವಾದ ತೊಡೆ ಅದನ್ನು ಪೂರ್ತಿ ತಡೆಯುತ್ತದೆಂದು ಹೇಳಲಾರೆ. ಬೂಟನ್ನು ಸ್ಕೀಗೆ ಹಿಡಿಯುವ ಬೈಂಡಿಂಗ್‌ನ ಹೊಂದಾಣಿಕೆ, ವೇಗ, ದಣಿವು, ಜನಸಂದಣಿ ಎಲ್ಲದಕ್ಕೂ ಅದರಲ್ಲಿ ಪಾತ್ರವಿದೆ. ದಣಿವೊಂದನ್ನು ಮಾತ್ರ ಮನೆಯಲ್ಲಿದ್ದುಕೊಂಡೇ ದೂರ ಮಾಡಿಕೊಳ್ಳಬಹುದು. ಇನ್ನು ಬಿಸಿಲು, ಮಳೆ: ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಹೊತ್ತಷ್ಟೇ ಆಗುವ ಕೆಲಸ ಇದು. ಮಳೆಗಾಲದಲ್ಲಿ ನಮ್ಮ ಬಂಡೆಬೆಟ್ಟಗಳು ಪಾಚಿಗಟ್ಟಿ ಜಾರುತ್ತವೆ, ಆಗ ಮೆಟ್ಟಿಲಿಗೇ ಸೀಮಿತವಾಗಿರಬೇಕು. ದೇವರಾಯನದುರ್ಗದ ಕಾಡಿನಲ್ಲಿ ಚಿರತೆ, ಕರಡಿಗಳಿವೆ. ಬೆಳಕು ಹರಿಯುವ ಮುಂಚೆ ಒಬ್ಬಂಟಿಯಾಗಿ ಹೋಗುವುದು ಬೇಡ.

ಒಂದು ಮಾತು ಉಳಿದಿದೆ. ಇದೆಲ್ಲ ಉಳ್ಳವರ ಹವ್ಯಾಸ, ತುಮಕೂರಿನಲ್ಲಿ ಇದರ ಚರ್ಚೆ ಯಾಕೆ ಎನ್ನುವವರಿದ್ದಾರೆ. ಆದರೆ ಮನೆ ಬಾಗಿಲಲ್ಲಿ ಹಿಮವಿರುವವರಿಗೆ ನಾಲ್ಕು ದಿನ ಹಾಳಾದರೆ ಐದನೆಯ ದಿನವಿದೆ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಿ, ಮನೆಯವರನ್ನು ಒಪ್ಪಿಸಿ, ಕೂಡಿಟ್ಟ ಹಣ ಕಟ್ಟಿ ಎರಡು ವಾರಕ್ಕೆ ಹೋಗುವ ಗುಬ್ಬಿಯ ಹುಡುಗಿಗೆ ಆ ನಾಲ್ಕು ದಿನ ಮತ್ತೆ ಸಿಗುವುದಿಲ್ಲ. ತಯಾರಿ ಹೆಚ್ಚು ಬೇಕಾದದ್ದು ಅವಳಿಗೇ. ಆದ್ದರಿಂದ ಇಂಥ ಶಿಬಿರಗಳಿಗೆ ವಿದ್ಯಾರ್ಥಿಗಳನ್ನು ಆರಿಸಿ ಕಳಿಸುವ ಕಾಲೇಜುಗಳಲ್ಲಿ, ಸಾಹಸ ಸಂಸ್ಥೆಗಳಲ್ಲಿ, ದೈಹಿಕ ಶಿಕ್ಷಣದ ಮೇಷ್ಟರುಗಳಲ್ಲಿ ನನ್ನ ಕೋರಿಕೆ ಇಷ್ಟು: ಹೆಸರುಗಳನ್ನು ಅಕ್ಟೋಬರಿನೊಳಗೆ ತಿಳಿಸಿ, ಸಾಮಾನಿನ ಪಟ್ಟಿಯ ಜೊತೆಗೆ ತಾಲೀಮಿನ ಪಟ್ಟಿಯನ್ನೂ ಕೊಡಿ, ಅದರಲ್ಲಿ ಹತ್ತುವುದರ ಪಕ್ಕದಲ್ಲಿ ಇಳಿಯುವುದನ್ನೂ ಬರೆಯಿರಿ.